ಟೆಕ್ಸಾಸಿನಲ್ಲಿ ಅಕ್ಕನ ಸ್ಟೀರಿಂಗ್ ಹುಡುಕಿದ್ದು

ಡಾಲಸ್

ಅಮೆರಿಕಕ್ಕೆ ಹೋಗಿ ಬಂದವರು ಜಲಪಾತದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಮೊದಲ ಫೋಟೋದಲ್ಲಿ ನಾನು ಒಂದು ಗ್ಯಾರೇಜಿನೊಳಗೆ, ಟೈರುಗಳ ರಾಶಿಯ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದೇನೆ. ತೆಗೆದವಳು ನನ್ನ ಅಕ್ಕ ಸುಮಿತ್ರಾ. ಅಳಿಸು ಎಂದರೆ ಇನ್ನೂ ಅಳಿಸಿಲ್ಲ.

ಮೈಸೂರು ಬಿಟ್ಟು ಒಂದೂವರೆ ದಿನವಾಗಿತ್ತು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅಕ್ಕ ತಬ್ಬಿಕೊಂಡು ಕಣ್ಣೊರೆಸಿಕೊಂಡಳು. ಮರುಕ್ಷಣವೇ, "ಮೊದಲು ಕಾರ್ ನೋಡ್ಕೊಂಡು ಹೋಗೋಣ ಕಣೇ ವಸು, ದಾರೀಲೇ ಇದೆ" ಎಂದಳು. ಟೆಕ್ಸಾಸಿನವರು ದಾರಿಯಲ್ಲೇ ಇದೆ ಎಂದರೆ ಮೈಸೂರಿನಿಂದ ಮಂಡ್ಯದಷ್ಟು ದೂರವಿರುತ್ತದೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಆ ಕಾರಿನ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕ ಅರಿವಳಿಕೆ ಕೊಡುವ ಡಾಕ್ಟರು, ಈಗ ನಿವೃತ್ತಿಯಾಗಿದೆ. ಹ್ಯೂಸ್ಟನ್ನಿನ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಒಂದು ಹಳೆಯ ಎರಡು ಬಾಗಿಲಿನ ಕಾರು ಕೊಂಡಳು. ಈ ಜಾತಿಗೆ ಇಲ್ಲಿ ಮಸಲ್ ಕಾರ್ ಎನ್ನುತ್ತಾರೆ. ಗಾತ್ರಕ್ಕೆ ಮೀರಿದ ಎಂಜಿನ್, ಉದ್ದ ಮೂತಿ, ಹೊರಟರೆ ಬೀದಿಯವರೆಲ್ಲ ತಿರುಗಿ ನೋಡುವಂಥ ಸದ್ದು. ಒಂದು ಕಾಲದಲ್ಲಿ ಮೀಸೆ ಚಿಗುರಿದ ಗಂಡುಹುಡುಗರು ಓಡಿಸುತ್ತಿದ್ದ ಗಾಡಿ. ಅದರೊಳಗಿಂದ ಸೀರೆ ಉಟ್ಟ ಅಕ್ಕ ಇಳಿದಾಗ ಆಸ್ಪತ್ರೆಯ ಕಾವಲುಗಾರ ನಕ್ಕನಂತೆ. "ಆಗ ಅದು ವಿಂಟೇಜ್ ಅಲ್ಲ, ಬರೀ ಹಳೇ ಕಾರು. ನಂಗೆ ಸಿಕ್ಕಿದ್ದು ಅದೇ" ಎನ್ನುತ್ತಾಳೆ ಅಕ್ಕ. ಡ್ರೈವಿಂಗ್ ಕಲಿತದ್ದು ಅದರಲ್ಲೇ. ಎಷ್ಟೋ ವರ್ಷ ಡ್ಯೂಟಿಗೆ ಒಬ್ಬಳೇ ಹೋಗಿ ಬಂದದ್ದು ಅದರಲ್ಲೇ.

ಮೊನ್ನೆ ಮೊನ್ನೆ ಅಕ್ಕನ ಎಡಭುಜದ ಕೀಲು ಸವೆದು ಬದಲಾಯಿಸಬೇಕಾಯಿತು. ದಿನನಿತ್ಯದ ಕಾರನ್ನು ಈಗ ಒಂದು ಬೆರಳಿನಲ್ಲಿ ಓಡಿಸುತ್ತಾಳೆ. ಹಳೆಯದರ ಸ್ಟೀರಿಂಗ್ ಮಾತ್ರ ಉದ್ದಿನಬೇಳೆ ತುಂಬಿದ ರುಬ್ಬುವ ಕಲ್ಲು. ಮಾರಿಬಿಡು ಎಂದು ಮಗಳು ಅನಘಾ ಹಿಂದೆ ಬಿದ್ದಿದ್ದಳು. ಅಕ್ಕ ಅದನ್ನು ಡಾಲಸ್ಸಿನ ಈ ಗ್ಯಾರೇಜಿಗೆ ಕಳಿಸಿ, ಒಳಗಿರುವುದನ್ನೆಲ್ಲ ಹೊಸದು ಮಾಡಿ, ಕಣ್ಣಿಗೆ ಕಾಣುವುದನ್ನೆಲ್ಲ ಹಳೆಯದೇ ಇಡಿ ಎಂದಿದ್ದಳು.

ಗ್ಯಾರೇಜಿನ ಯಜಮಾನ ವೇಡ್. ಆರಡಿ ಆಳು, ಎದೆವರೆಗೆ ಬಿಳಿ ಗಡ್ಡ. ಏನು ಕೇಳಿದರೂ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಲೋಟಕ್ಕೆ ಉಗಿದು, ನೆಲ ನೋಡಿ, ಆಮೇಲೆ ಉತ್ತರ ಕೊಡುತ್ತಾನೆ. ನಮ್ಮ ಸರ್ಕಾರಿ ಕಚೇರಿಯ ಗುಮಾಸ್ತರ ಹಾಗೆ. ಉತ್ತರ ಮಾತ್ರ ಕೊಟ್ಟೇ ಕೊಡುತ್ತಾನೆ, ವ್ಯತ್ಯಾಸ ಅಷ್ಟೇ. ಹೊಸ ಎಂಜಿನ್ನಿಗೆ ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುತ್ತದೆ. ಬ್ರೇಕು ಹೊಸದು. ಎಸಿ ಬಂದಿದೆ, ಅದರ ಕಿಂಡಿಗಳು ಎಲ್ಲಿವೆಯೆಂದು ಹುಡುಕಿದರೂ ಕಾಣುವುದಿಲ್ಲ. ಸ್ಟೀರಿಂಗ್ ಹಗುರ ಮಾಡುವ ಪುಟ್ಟ ಮೋಟರು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿ ಕೂತಿದೆ. ಹಳೆಯ ರೇಡಿಯೋದ ಗುಬಟು ತಿರುಗಿಸಿದರೆ ಅಕ್ಕನ ಫೋನಿನಿಂದ ದೇವರನಾಮ ಬರುತ್ತದೆ. ಹೊರಗೆ ಅದೇ ಕಡುಹಸಿರು ಬಣ್ಣ, ಅದೇ ಹೊಳೆಯುವ ಬಂಪರು. ನಮ್ಮಲ್ಲಿ ಹಳೆಯ ಬಸ್ಸಿಗೆ ಬಣ್ಣ ಬಳಿದು ಹೊಸದು ಎನ್ನುತ್ತಾರೆ, ಇಲ್ಲಿ ಹೊಸ ಯಂತ್ರಕ್ಕೆ ಹಳೆಯ ಮೈ ತೊಡಿಸಿ ಹಳೆಯದು ಎನ್ನುತ್ತಾರೆ. ಇಷ್ಟನ್ನು ಯೋಚಿಸುವ ಹೊತ್ತಿಗೆ ನನಗೆ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿದ್ದೆ ಬಂದಿತ್ತು.

ಡಾಲಸ್, ಮರುದಿನ

ಡಾಲಸ್ಸಿನ ಪಕ್ಕದ ಇರ್ವಿಂಗಿನಲ್ಲಿ ಅಕ್ಕನ ಗೆಳತಿ, ಧಾರವಾಡದವರು, ನಮ್ಮನ್ನು ಉಳಿಸಿಕೊಂಡರು. "ಇನ್ನೊಂದು ಚಪಾತಿ ತಗೊಳ್ರೀ, ಭಾಳ ಸೊರಗೀರಿ" ಎಂದು ಬಡಿಸಿದರು. ನಾನು ಸೊರಗಿರಲಿಲ್ಲ, ಬಳಲಿದ್ದೆ. ಬೆಳಿಗ್ಗೆ ಮತ್ತೆ ಗ್ಯಾರೇಜು. ಹೊರಗೆ ಹಂಚು ಕಾದಂಥ ಬಿಸಿಲು, ಒಳಗೆ ಶಾಲು ಹೊದೆಯುವಷ್ಟು ಎಸಿ. ಈ ರಾಜ್ಯದಲ್ಲಿ ಮನುಷ್ಯರ ಮೈಗೆ ಹೊಂದುವ ಹವೆ ಬಾಗಿಲಿನ ಹೊಸ್ತಿಲ ಮೇಲೆ ಮಾತ್ರ ಸಿಗುತ್ತದೆ.

ಅಕ್ಕ ಯಾರದೋ ಫೋನು ಬಂತೆಂದು ಹೊರಗೆ ಹೋದಳು. ಆಗ ವೇಡ್ ಒಳಗಿನಿಂದ ಹಳೆಯ ಸ್ಟೀರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಊಟದ ಬಾಳೆಯಷ್ಟು ಅಗಲ, ಬೆರಳಿನಷ್ಟೇ ದಪ್ಪ, ಕಪ್ಪು. ಎಡಗಡೆ ಹೆಬ್ಬೆರಳು ಕೂರುವಲ್ಲಿ ಒಂದು ಬಿರುಕು. ಬಿರುಕು ಬಿಟ್ಟದ್ದನ್ನು ಕೂರಿಸಲು ಮನಸ್ಸಾಗದೆ ಅವನು ಸದ್ಯಕ್ಕೆ ಕಾರಿಗೆ ಅದರದೇ ಅಚ್ಚಿನ ಹೊಸದೊಂದನ್ನು ಹಾಕಿದ್ದ. ಇದನ್ನೇನು ಮಾಡಲಿ ಮ್ಯಾಮ್ ಎಂದು ಕೇಳಿದ.

ದೊಡ್ಡ ಮನುಷ್ಯ ಭಾರ ಹೊತ್ತು ನಿಂತಿದ್ದಾನೆ, ಪಕ್ಕದಲ್ಲೇ ಖಾಲಿ ಬೆಂಚಿದೆ. ನಾನು ಬೆಂಚಿನ ಕಡೆ ಕೈ ಬೀಸಿ, "ಕೀಪ್ ಇಟ್, ಕೀಪ್ ಇಟ್" ಎಂದೆ.

ಅವನು ನನ್ನನ್ನೇ ನೋಡಿದ. "ಆರ್ ಯೂ ಶ್ಯೂರ್?"

"ಶ್ಯೂರ್, ಶ್ಯೂರ್. ಕೀಪ್ ಇಟ್."

ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಒಂದು ವಸ್ತುವನ್ನು ಕೆಳಗಿಡಿ ಎಂದದ್ದಕ್ಕೆ ಇಷ್ಟು ವಿನಯವೇ ಎಂದು ಬೆರಗಾಯಿತು. ಒಳಗೆ ಹೋಗಿ, ತನ್ನ ಹಿತ್ತಿಲಿನದು ಎಂದು ಒಂದು ಪೀಚ್ ಹಣ್ಣು ತಂದುಕೊಟ್ಟ. ರಸ ಮೊಣಕೈವರೆಗೆ ಇಳಿಯುವಂತೆ ತಿಂದೆ. ಟೆಕ್ಸಾಸಿನಲ್ಲಿ ನಾನು ತಿಂದ ಅತಿ ರುಚಿಯಾದ ವಸ್ತು ಅದು. ಈಗ ನೆನೆದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅಕ್ಕ ಒಳಗೆ ಬಂದು, "ಹಳೇ ಸ್ಟೀರಿಂಗ್ ವಿಷಯ ನೆನಪಿದೆ ತಾನೆ?" ಎಂದು ಇಂಗ್ಲಿಷಿನಲ್ಲಿ ಅವನನ್ನು ಕೇಳಿದಳು. ಹೌದು ಮ್ಯಾಮ್, ನಿಮ್ಮ ತಂಗಿ ಎಲ್ಲ ಹೇಳಿದರು ಎಂದ. ಅಕ್ಕ ನನ್ನ ಬೆನ್ನು ತಟ್ಟಿದಳು. ಬಂದ ಎರಡನೇ ದಿನವೇ ಉಪಯೋಗಕ್ಕೆ ಬಂದೆನಲ್ಲ ಎಂದು ನಾನೂ ಹಿಗ್ಗಿದೆ.

ಹ್ಯೂಸ್ಟನ್, ಅಂದರೆ ಕೇಟಿ

ಡಾಲಸ್ಸಿನಿಂದ ಅಕ್ಕನ ದಿನನಿತ್ಯದ ಕಾರಿನಲ್ಲಿ ಹೊರಟೆವು. ನಮ್ಮಲ್ಲಿ ಇಷ್ಟು ಹೊತ್ತು ಪ್ರಯಾಣ ಮಾಡಿದರೆ ಭಾಷೆ ಬದಲಾಗುತ್ತದೆ, ಸಾರಿನ ರುಚಿ ಬದಲಾಗುತ್ತದೆ. ಇಲ್ಲಿ ಪೆಟ್ರೋಲ್ ಬಂಕಿನ ಬೋರ್ಡು ಕೂಡ ಬದಲಾಗಲಿಲ್ಲ. ಹ್ಯೂಸ್ಟನ್ ಬಂತು ಎಂದ ಮೇಲೂ ಹ್ಯೂಸ್ಟನ್ ಮುಗಿದು ಅಕ್ಕನ ಮನೆಯಿರುವ ಕೇಟಿ ಸೇರಲು ಒಂದು ಗಂಟೆ. ಇಳಿದಾಗ ನನ್ನ ಮಂಡಿಗಳು ಯಾರದೋ ಮಂಡಿಗಳಂತಿದ್ದವು. ಭಾವ ಬಾಗಿಲು ತೆರೆದು, "ಟೆಕ್ಸಾಸ್ ನೋಡಿದ್ಯೇನಮ್ಮ?" ಎಂದರು. "ನೋಡ್ದೆ ಭಾವ, ರಸ್ತೆ ಚೆನ್ನಾಗಿದೆ" ಎಂದು ಮಲಗಿದೆ.

ನಾಲ್ಕನೆಯ ದಿನ ಮಸಲ್ ಕಾರು ಟ್ರೇಲರಿನ ಮೇಲೆ ಮದುವಣಗಿತ್ತಿಯ ಹಾಗೆ ಬಂತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಓಡಿದಳು. ಬಾಗಿಲು ತೆಗೆದಳು, ಕೂತಳು, ಕೈ ಇಟ್ಟಳು. ಕೈ ಹಾಗೇ ನಿಂತುಹೋಯಿತು.

ಒಳಗಿದ್ದದ್ದು ಹೊಸ ಸ್ಟೀರಿಂಗ್. ನನ್ನ ಕಣ್ಣಿಗೆ ಹಳೆಯದಕ್ಕೂ ಅದಕ್ಕೂ ಬಿರುಕೊಂದರ ವ್ಯತ್ಯಾಸ. ಅಕ್ಕ ವೇಡ್‌ಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವನು ಬೀಜದ ಸಿಪ್ಪೆ ಉಗಿದದ್ದೂ ಕೇಳಿಸಿತು. ನಿಮ್ಮ ತಂಗಿ ನನಗೇ ಕೊಟ್ಟರಲ್ಲ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಟೇಲರ್ ಎಂಬ ಊರಿನಲ್ಲಿ ಒಬ್ಬ ಎಷ್ಟೋ ಕಾಲದಿಂದ ಇಂಥದ್ದನ್ನೇ ಹುಡುಕುತ್ತಿದ್ದ. ಉಡುಗೊರೆ ಬಂದದ್ದನ್ನು ಮಾರಬಾರದೆಂದು ಅವನಿಗೆ ಸುಮ್ಮನೆ ಕೊಟ್ಟೆ ಎಂದ.

"ನಾನ್ ಯಾವಾಗ ಕೊಟ್ಟೆ?" ಎಂದು ನಾನು ಕೂಗಿದೆ. "ಕೀಪ್ ಇಟ್ ಅಂದೆ. ಇಡಪ್ಪಾ ಅಂತ!"

ಅಕ್ಕ ಫೋನು ಕೆಳಗಿಟ್ಟಳು. "ಇಲ್ಲಿ ಹಾಗಂದ್ರೆ ಇಡು ಅಂತಲ್ಲ ಕಣೇ. ನೀನೇ ಇಟ್ಕೋ ಅಂತ."

ನಾನು ಮೈಸೂರಿನ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವಳು. ಇನ್ನೊಬ್ಬರ ಹ್ರಸ್ವ ದೀರ್ಘಕ್ಕೆಲ್ಲ ಕೆಂಪು ಶಾಯಿ ಬಳಿದವಳು. ಕಾಗದದ ರೀಮು ತಂದವರಿಗೆಲ್ಲ ಕೀಪ್ ಇಟ್ ಹಿಯರ್ ಎಂದೇ ಹೇಳಿದ್ದೇನೆ, ಯಾರೂ ರೀಮು ಹೊತ್ತುಕೊಂಡು ಮನೆಗೆ ಹೋಗಲಿಲ್ಲ. 'ಇಡಿ'ಗೂ 'ಇಟ್ಟುಕೊಳ್ಳಿ'ಗೂ ನಡುವೆ ಇರುವ ಆ 'ಕೊಳ್ಳಿ'ಯನ್ನು ಇಂಗ್ಲಿಷು ನುಂಗಿ ಕೂತಿರುವುದು ನನಗೇನು ಗೊತ್ತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಆಡಿದ್ದೂ ಆಗಿತ್ತು, ಅಕ್ಕನ ಮುತ್ತು ಹೋದದ್ದೂ ಆಗಿತ್ತು.

"ಪರವಾಗಿಲ್ಲ ಬಿಡು" ಎಂದಳು ಅಕ್ಕ.

ಪರವಾಗಿಲ್ಲದಲ್ಲಿ ನಾನಾ ವಿಧ. ಕಾಲು ತುಳಿದವನಿಗೆ ಹೇಳುವ ಪರವಾಗಿಲ್ಲ ಬೇರೆ, ಉಪ್ಪು ಹೆಚ್ಚಾದ ಸಾರಿಗೆ ಹೇಳುವುದು ಬೇರೆ. ನಮ್ಮಮ್ಮ ತೀರಿಕೊಂಡಾಗ ಅಕ್ಕನಿಗೆ ಸಮಯಕ್ಕೆ ಟಿಕೆಟ್ ಸಿಗಲಿಲ್ಲ. ಆಗ ಅವಳು ಫೋನಿನಲ್ಲಿ ಹೇಳಿದ್ದು ಇದೇ ದನಿಯ ಪರವಾಗಿಲ್ಲ.

ಅಕ್ಕ ಕಾರು ಮುಟ್ಟಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಭುಜ ನೋವು ಎಂದಳು, ಬಿಸಿಲು ಎಂದಳು. ಸ್ಕೂಲಿನಲ್ಲಿ ಪಾಠ ಹೇಳುವ ಅನಘಾ ಶನಿವಾರ ಬಂದು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಓಡಿಸದ ಕಾರನ್ನು ಯಾಕಮ್ಮ ಇಟ್ಟುಕೊಂಡಿದ್ದೀಯ, ನನ್ನ ಜೊತೆ ಕೆಲಸ ಮಾಡುವವನೊಬ್ಬ ಕೇಳುತ್ತಿದ್ದಾನೆ, ಚಿಕ್ಕಮ್ಮ ಊರಿಗೆ ಹೋಗುವುದರೊಳಗೆ ನೀನು ಓಡಿಸದಿದ್ದರೆ ಅವನಿಗೆ ಹೇಳಿಬಿಡುತ್ತೇನೆ ಎಂದಳು. ಅಕ್ಕ ಆಗಲಿ ಎಂದಳು. ಅಷ್ಟು ಸುಲಭವಾಗಿ ಆಗಲಿ ಎಂದದ್ದು ನೋಡಿ ಅನಘಾಳೇ ಪೆಚ್ಚಾದಳು.

ನಾನು ಊರಿಗೆ ಹೊರಡಲು ಒಂಬತ್ತು ದಿನ ಉಳಿದಿತ್ತು. ಅನಘಾಳನ್ನು ಅಡುಗೆಮನೆಗೆ ಎಳೆದೊಯ್ದು, "ಆ ಟೇಲರಿನವನ ಹತ್ರ ಹೋಗೋಣ. ನಾನೇ ಕಾಲಿಗೆ ಬೀಳ್ತೀನಿ" ಎಂದೆ.

"ಚಿಕ್ಕಮ್ಮ, ಪ್ಲೀಸ್, ನೋ ಫೀಟ್" ಎಂದಳು. ವೇಡ್‌ನಿಂದ ಅವನ ನಂಬರು ಪಡೆದು ಫೋನ್ ಮಾತ್ರ ಮಾಡಿದಳು. ಬನ್ನಿ ಎಂದನಂತೆ.

ಆಸ್ಟಿನ್

ಸ್ಟೀರಿಂಗ್ ಸಿಕ್ಕರೆ ಅಲ್ಲೇ ಕೂರಿಸಬಹುದೆಂದು ಮಸಲ್ ಕಾರಿನಲ್ಲೇ ಹೊರಟೆವು. ಓಡಿಸಿದವಳು ಅನಘಾ. ಅಕ್ಕ ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಹಿಂದಿನ ಸೀಟಿಗೆ ಬಾಗಿಲಿಲ್ಲ, ಮುಂದಿನ ಸೀಟು ಮಡಚಿ ನುಸುಳಬೇಕು. ಅರವತ್ತು ದಾಟಿದವಳು ಸೀರೆಯಲ್ಲಿ ನುಸುಳುವುದು ಹೇಗಿರುತ್ತದೆಂದು ನಾನು ಬರೆಯುವುದಿಲ್ಲ. ಒಮ್ಮೆ ಒಳಗೆ ಹೋದ ಮೇಲೆ ಹೊರಗೆ ಬರುವ ಆಸೆಯನ್ನೇ ಬಿಟ್ಟೆ.

ಆಸ್ಟಿನ್ ಒಳ್ಳೆಯ ಊರೆನ್ನುತ್ತಾರೆ. ನದಿ ಇದೆಯಂತೆ, ಸೇತುವೆಯ ಕೆಳಗೆ ಬಾವಲಿಗಳಿವೆಯಂತೆ. ನಾನು ನೋಡಿದ್ದು ಪೆಟ್ರೋಲ್ ಬಂಕು. ಅಲ್ಲಿ ನಿಂತ ಐದು ನಿಮಿಷದಲ್ಲಿ ಮೂವರು ಬಂದರು. ಈ ಜನ ಪಕ್ಕದ ಮನೆಯವರ ಹೆಸರು ಕೇಳದೆ ಹತ್ತು ವರ್ಷ ಬಾಳುತ್ತಾರೆ, ಹಳೆಯ ಕಾರು ಕಂಡರೆ ಮಾತ್ರ ಬಂಧುಗಳಾಗುತ್ತಾರೆ. ಎಲ್ಲರಿಗೂ ಒಬ್ಬ ಚಿಕ್ಕಪ್ಪ ಇದ್ದ, ಆ ಚಿಕ್ಕಪ್ಪನಿಗೆ ಇಂಥದೇ ಕಾರು ಇತ್ತು, ಅದನ್ನು ಅವನು ಮಾರಬಾರದಿತ್ತು. ಮೂವರದೂ ಇದೇ ಕಥೆ.

ಮೂರನೆಯವನು ಬಾನೆಟ್ ತೆಗೆದು ತೋರಿಸಿ ಎಂದ. ಅನಘಾ ತೆಗೆದಳು. ಒಳಗಿನ ಹೊಸ ಎಂಜಿನ್ ಕಂಡು ಅವನ ಮುಖ ಬಾಡಿತು. ಓಹ್, ಇದು ಒರಿಜಿನಲ್ ಅಲ್ಲ ಎಂದ, ಹಲ್ಲು ಕಟ್ಟಿಸಿದ್ದು ಪತ್ತೆಯಾದ ಹೆಣ್ಣಿನ ಕಡೆಯವರಿಗೆ ಹೇಳುವಂತೆ.

ಅಷ್ಟು ಹೊತ್ತೂ ಸುಮ್ಮನಿದ್ದ ಅಕ್ಕ ಕಿಟಕಿ ಇಳಿಸಿದಳು. "ನಾನೂ ಒರಿಜಿನಲ್ ಅಲ್ಲ. ಎರಡು ಮಂಡಿ, ಒಂದು ಭುಜ" ಎಂದು ಇಂಗ್ಲಿಷಿನಲ್ಲಿ ಹೇಳಿ ಕಿಟಕಿ ಏರಿಸಿದಳು. ಅವನು ಸಾರಿ ಎಂದು ಮೂರು ಸಲ ಹೇಳಿದ. ಹಿಂದಿನ ಸೀಟಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ.

ಟೇಲರ್

ಟೇಲರಿನ ಹೊರಗೆ ಕಂಪ್ಯೂಟರ್ ಚಿಪ್ ಮಾಡುವ ದೊಡ್ಡ ಕಾರ್ಖಾನೆ, ಅದರಾಚೆ ಜೋಳದ ಹೊಲ, ಹೊಲದಾಚೆ ನಾವು ಹುಡುಕಿಕೊಂಡು ಬಂದ ಹೆಕ್ಟರನ ತಗಡಿನ ಶೆಡ್ಡು. ಕಾರ್ಖಾನೆಯ ಪಾಳಿ ಮುಗಿಸಿ ಬಂದಿದ್ದ, ಕಣ್ಣು ಕೆಂಪಗಿತ್ತು. ನನ್ನಷ್ಟೇ ಬಳಲಿದ ಒಬ್ಬರನ್ನು ಟೆಕ್ಸಾಸಿನಲ್ಲಿ ಕೊನೆಗೂ ಕಂಡೆ.

ಶೆಡ್ಡಿನಲ್ಲಿ ಅಕ್ಕನ ಕಾರಿನದೇ ಅವಳಿ ನಿಂತಿತ್ತು, ಬಣ್ಣ ಮಾತ್ರ ಹಳದಿ. ಇವನದು ಒಳಗೂ ಹಳೆಯದೇ, ಒಂದು ಮೊಳೆಯನ್ನೂ ಬದಲಾಯಿಸಿಲ್ಲವಂತೆ. ಅಕ್ಕನ ಸ್ಟೀರಿಂಗನ್ನು ಆಗಲೇ ಕೂರಿಸಿಯೂ ಆಗಿತ್ತು. ನಾನು ಕೈ ಮುಗಿದೆ. ಗೊತ್ತಿದ್ದ ಇಂಗ್ಲಿಷಿನಲ್ಲೆಲ್ಲ ತಪ್ಪೊಪ್ಪಿಕೊಂಡೆ. ಅವನು ಒಂದು ಮಾತೂ ಎದುರಾಡದೆ ಸ್ಪ್ಯಾನರು ಕೈಗೆತ್ತಿಕೊಂಡ. ಆಸೆಪಟ್ಟು ತಂದುಕೊಂಡದ್ದನ್ನು ಬಿಚ್ಚಲು ಹೊರಟವನ ಮುಖ ನೋಡಲಾಗಲಿಲ್ಲ.

"ಬಿಚ್ಚೋಕೆ ಮುಂಚೆ ಒಂದ್ಸಲ ಕೂತ್ಕೊಳ್ಲಾ?" ಎಂದು ಅಕ್ಕ ಇಂಗ್ಲಿಷಿನಲ್ಲಿ ಅವನನ್ನು ಕೇಳಿದಳು.

ಕೂತಳು. ಎಡ ಹೆಬ್ಬೆರಳು ತಾನಾಗಿ ಆ ಬಿರುಕಿನ ಮೇಲೆ ಹೋಗಿ ನಿಂತಿತು. ಅವಳ ಮುಖ ಒಂದು ಕ್ಷಣ ಎಷ್ಟು ಚಿಕ್ಕದಾಯಿತೆಂದರೆ, ಮೈಸೂರಿನ ಮನೆಯ ಜಗಲಿಯಲ್ಲಿ ನನ್ನ ಜಡೆ ಹೆಣೆಯುತ್ತಿದ್ದ ಅಕ್ಕನೇ ಕಂಡಳು. ಹೆಕ್ಟರ್ ಪಕ್ಕದಲ್ಲಿ ಕೂತು ಬೀಗದ ಕೈ ತಿರುಗಿಸಿದ. ಕಾರು ಗುಡುಗಿ, ಬೇಲಿಯವರೆಗಿನ ಮಣ್ಣುದಾರಿಯಲ್ಲಿ ಮೆಲ್ಲಗೆ ಹೊರಟಿತು. ನಾನೂ ಅನಘಾಳೂ ಶೆಡ್ಡಿನ ನೆರಳಿನಲ್ಲಿ ನಿಂತು ನೋಡಿದೆವು.

ಬೇಲಿಯ ಹತ್ತಿರ ದಾರಿ ಎಡಕ್ಕೆ ತಿರುಗುತ್ತದೆ. ಕಾರು ತಿರುಗಲಿಲ್ಲ. ನೇರ ಹೋಗಿ ಹುಲ್ಲಿನ ಸುರುಳಿಯೊಂದಕ್ಕೆ ಮೂತಿ ಒತ್ತಿ ನಿಂತಿತು.

ಅನಘಾ ಓಡಿದಳು. ನಾನು ಮಂಡಿ ಹಿಡಿದುಕೊಂಡು ಹೋಗುವಷ್ಟರಲ್ಲಿ ಹೆಕ್ಟರ್ ಕೆಳಗಿಳಿದು ದೂರ ನಿಂತಿದ್ದ. ಅಕ್ಕ ಎಡಭುಜವನ್ನು ಬಲಗೈಯಲ್ಲಿ ಹಿಡಿದು ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು. ನನ್ನನ್ನು ನೋಡಿದಳು.

"ಸ್ಟೀರಿಂಗ್ ಅದೇ ಕಣೇ ವಸು," ಎಂದಳು. "ಕೈ ಅದಲ್ಲ."

ಇಷ್ಟು ದಿನ ನನ್ನ ಎರಡು ಶಬ್ದದಿಂದ ಅಕ್ಕನ ಕಾರು ಹೋಯಿತೆಂದು ಕೊರಗಿದ್ದೆ. ಅವಳ ಕೊರಗು ಬೇರೆಯದೇ ಇತ್ತು, ಅದನ್ನು ಅವಳು ಬಿರುಕು ಬಿಟ್ಟ ಆ ಸ್ಟೀರಿಂಗಿನ ಹೆಸರಿನಲ್ಲಿ ಮುಂದೂಡುತ್ತಿದ್ದಳು. ಕಾರಿನೊಳಗೆ ಬಗ್ಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ. ಬಿಸಿಲು ಬೆನ್ನು ಸುಡುತ್ತಿತ್ತು. ಅಕ್ಕ ಸದ್ದು ಮಾಡಿ ಅತ್ತಳು. ಅನಘಾ ತಾಯಿ ಅಳುವುದನ್ನು ಹೀಗೆ ಕಂಡಿರಲಿಲ್ಲವೇನೋ, ಬಾಗಿಲು ಹಿಡಿದು ನಿಂತೇ ಇದ್ದಳು.

ಅತ್ತಾದ ಮೇಲೆ ಅಕ್ಕ ಸೆರಗಿನಲ್ಲಿ ಮೂಗೊರೆಸಿ ಡಾಕ್ಟರಾದಳು. ಇಳಿದು ಹೆಕ್ಟರನ ಕೈ ಕುಲುಕಿದಳು. ಬಿಚ್ಚುವುದು ಬೇಡ, ಅದು ಇಲ್ಲೇ ಇರಲಿ, ಬೇಸಿಗೆಯಲ್ಲಿ ಆ ಬಿರುಕು ಹೆಬ್ಬೆರಳಿನ ಚರ್ಮ ಚಿವುಟುತ್ತದೆ, ಬಟ್ಟೆ ಸುತ್ತಿಕೋ ಎಂದು ಹೇಳಿದಳು. ಆಮೇಲೆ ಅವನ ಕೆಂಪು ಕಣ್ಣು ನೋಡಿ, ಮೊದಲು ಹೋಗಿ ಮಲಗು ಎಂದಳು.

ಹಸಿರು ಕಾರಿನ ಹತ್ತಿರ ಬಂದು ಅನಘಾಳ ಮುಂದೆ ಕೈ ಚಾಚಿದಳು. ಅನಘಾ ಬೀಗದ ಕೈ ಕೊಟ್ಟು, ತಾನೇ ಹಿಂದಿನ ಸೀಟಿಗೆ ನುಸುಳಿದಳು. ನನಗೆ ಮುಂದಿನ ಸೀಟು ಸಿಕ್ಕಿತು. ಆ ಸಂತೋಷವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಮತ್ತೆ ಕೇಟಿ

ಮೊದಲ ತಿರುವಿನಲ್ಲೇ ಪ್ರಾಣ ಹೋಗಿ ಬಂತು. ಭಾರದ ಸ್ಟೀರಿಂಗಿಗೆ ಪಳಗಿದ ಅಕ್ಕ ಭುಜದ ಬಲವೆಲ್ಲ ಹಾಕಿ ತಿರುಗಿಸಿದಳು. ಇದು ಹಗುರದ್ದು, ಕಾರು ಜೋಳದ ಹೊಲದ ಕಡೆಗೇ ಹೊರಟಿತು. "ಅಮ್ಮಾ!" ಎಂದು ಅನಘಾ ಚೀರಿದಳು. "ಗೊತ್ತಾಯ್ತು, ಗೊತ್ತಾಯ್ತು" ಎಂದಳು ಅಕ್ಕ. ಇದೇ ಕೈಗಳು ಇನ್ನೊಂದು ಕಾರಿನಲ್ಲಿ ಒಂದೇ ಬೆರಳು ಆಡಿಸುತ್ತವೆ. ಈ ಸೀಟಿನಲ್ಲಿ ಕೂತರೆ ಮಾತ್ರ ಹಳೆಯ ಮಲ್ಲಯುದ್ಧವೇ ನೆನಪಾಗುತ್ತದೆ ಎಂದು ಕಾಣುತ್ತದೆ. ಎರಡನೇ ತಿರುವಿನಲ್ಲಿ ಸ್ವಲ್ಪ ಕಡಿಮೆ, ಮೂರನೆಯದರಲ್ಲಿ ಇನ್ನೂ ಕಡಿಮೆ. ಬಲಬದಿಯ ಸಾಲಿನಲ್ಲಿ ನಿಧಾನ ಹೋದಳು. ಲಾರಿಗಳು ಹಾರನ್ ಹೊಡೆದು ದಾಟಿದವು. ಒಬ್ಬ ಕಿಟಕಿಯಿಂದ ಹೆಬ್ಬೆರಳು ಎತ್ತಿ ತೋರಿಸಿದ, ಅವನಿಗೂ ಒಬ್ಬ ಚಿಕ್ಕಪ್ಪ ಇದ್ದಿರಬೇಕು. ಅರ್ಧ ದಾರಿ ಕಳೆಯುವ ಹೊತ್ತಿಗೆ ಅಕ್ಕ ಹಿಡಿತ ಸಡಿಲಿಸಿ, ಎಡಗೈಯನ್ನು ತೊಡೆಯ ಮೇಲೆ ಇಳಿಸಿದಳು. ಬಲಗೈಯೊಂದೇ ಸಾಕಾಗುತ್ತಿತ್ತು. ಅದನ್ನು ಅವಳು ಆಗಾಗ ತಿರುಗಿ ನೋಡಿಕೊಳ್ಳುತ್ತಿದ್ದಳು.

ಕೇಟಿ ಬಂದಾಗ ಇನ್ನೂ ಬೆಳಕಿತ್ತು. ನನಗೆ ಬೆನ್ನು ಹಿಡಿದಿತ್ತು, ಕಾಲು ಮತ್ತೆ ಊದಿತ್ತು, ಬೆಳಿಗ್ಗೆ ತಿಂದ ಉಪ್ಪಿಟ್ಟು ಯಾವಾಗಲೋ ಕರಗಿತ್ತು. ಹಾಸಿಗೆಯೊಂದನ್ನೇ ಧ್ಯಾನಿಸುತ್ತಿದ್ದೆ. ಮನೆಯ ತಿರುವು ಬಂತು. ಅಕ್ಕ ನೇರ ಹೋದಳು.

"ಅಮ್ಮಾ, ಯೂ ಮಿಸ್ಡ್ ಅವರ್ ಟರ್ನ್" ಎಂದಳು ಅನಘಾ ಹಿಂದಿನಿಂದ.

"ಗೊತ್ತು" ಎಂದಳು ಅಕ್ಕ. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ನೋಡದೆ ಕೇಳಿದಳು, "ವಸು, ತುಂಬಾ ಸುಸ್ತಾಗಿದ್ಯಾ?"

"ಇಲ್ಲ ಅಕ್ಕ," ಎಂದೆ. "ನಡಿ."